ತೋಟದ ಮಾದರಿ ರೈಲು ಗ್ಯಾರೇಜಿನೊಳಗೆ ಬರುವ ಬಾಗಿಲು: ಹೊಸ್ತಿಲಿನಿಂದ ಕಟ್ಟುವ ಕ್ರಮ

ತೋಟದಲ್ಲಿ ಹಳಿ ಹಾಕಿ ಮಾದರಿ ರೈಲು ಓಡಿಸುವವರು ಪ್ರತಿ ಸಲವೂ ಎಂಜಿನ್ನನ್ನೂ ಬೋಗಿಗಳನ್ನೂ ಕೈಯಲ್ಲಿ ಎತ್ತಿ ತಂದು ಹಳಿಯ ಮೇಲೆ ಕೂರಿಸಬೇಕು, ಸಂಜೆ ಮತ್ತೆ ಒಂದೊಂದಾಗಿ ಪೆಟ್ಟಿಗೆಗೆ ಸೇರಿಸಬೇಕು. ಇದು ಬೇಸರದ ಕೆಲಸ ಮಾತ್ರವಲ್ಲ, ಬೋಗಿಯ ಮೆಟ್ಟಿಲು, ಕಂಬಿ, ಕೊಕ್ಕೆಗಳಂಥ ನಾಜೂಕು ಭಾಗಗಳು ಮುರಿಯುವುದೂ ಹೆಚ್ಚಾಗಿ ಈ ಎತ್ತಿಳಿಸುವಿಕೆಯಲ್ಲೇ. ಗ್ಯಾರೇಜಿನ ಗೋಡೆಯಲ್ಲಿ ಒಂದು ಕಿಂಡಿ ತೆಗೆದು, ಒಳಗಿನ ಅಟ್ಟದ ಮೇಲೆ ನಾಲ್ಕಾರು ಹಳಿಗಳ ನಿಲುಗಡೆ ಮಾಡಿಕೊಂಡರೆ ರೈಲು ತಾನಾಗಿಯೇ ಹೊರಗೆ ಹೋಗಿ ತಾನಾಗಿಯೇ ಒಳಗೆ ಬರುತ್ತದೆ. ಆದರೆ ರೈಲಿಗೆ ಬೇಕಾದದ್ದು ತೆರೆದ ದಾರಿ, ಗ್ಯಾರೇಜಿಗೆ ಬೇಕಾದದ್ದು ಮುಚ್ಚಿದ ಗೋಡೆ. ಈ ಎರಡರ ನಡುವಿನ ಜಗಳವೆಲ್ಲ ನಡೆಯುವುದು ಹೊಸ್ತಿಲಿನಲ್ಲಿ, ಅಂದರೆ ಹಳಿ ಗೋಡೆಯನ್ನು ದಾಟುವ ಒಂದು ಗೇಣು ಜಾಗದಲ್ಲಿ.

ನನ್ನ ಮೊದಲ ಬಾಗಿಲನ್ನು ನಾನು ಕದದಿಂದ ಆರಂಭಿಸಿ ಕಟ್ಟಿದ್ದೆ. ಕದ ಚೆನ್ನಾಗಿಯೇ ಬಂದಿತ್ತು, ಸುತ್ತಲೂ ರಬ್ಬರ್ ಅಂಚು ಬಿಗಿಯಾಗಿ ಕೂತಿತ್ತು. ಮೊದಲ ದೊಡ್ಡ ಮಳೆಯ ಮರುದಿನ ನೋಡಿದರೆ ಕದದ ಒಳಮೈ ಒಣಗಿಯೇ ಇದೆ, ಅಟ್ಟದ ಹಲಗೆ ಮಾತ್ರ ನೆನೆದು ಉಬ್ಬಿದೆ. ಟಾರ್ಚ್ ಹಿಡಿದು ಮಂಡಿಯೂರಿ ಕುಳಿತು ನೋಡಿದಾಗ ಹಳಿಯ ಬುಡಕ್ಕೆ ಅಂಟಿಕೊಂಡು ಒಂದು ಹನಿ ಹೊರಗಿನಿಂದ ನಿಧಾನವಾಗಿ ಒಳಗೆ ಸರಿಯುತ್ತಿತ್ತು. ಹಳಿಗಳ ಅಡಿಯ ಅಡ್ಡಪಟ್ಟಿಯೊಂದರ, ಅಂದರೆ ಸ್ಲೀಪರಿನ ಬಳಿ ನಿಂತು, ಹಿಂದಿನಿಂದ ಇನ್ನೊಂದು ಹನಿ ಬಂದು ಸೇರಿದ ಮೇಲೆ ಮುಂದೆ ಹೋಗಿ, ಅಟ್ಟದ ಅಂಚಿನಲ್ಲಿ ತೊಟ್ಟಿಕ್ಕುತ್ತಿತ್ತು. ಹಳಿಯ ಕೊನೆಯ ಭಾಗ ಒಳಮುಖವಾಗಿ ಒಂದಿಷ್ಟು ಇಳಿದಿದ್ದುದೇ ಅದಕ್ಕೆ ಕಾರಣ. ಅಂದಿನಿಂದ ನಾನು ಮೊದಲು ಹೊಸ್ತಿಲು, ನಂತರ ಚೌಕಟ್ಟು, ಕೊನೆಗೆ ಕದ ಎಂಬ ಕ್ರಮವನ್ನು ಬಿಟ್ಟಿಲ್ಲ.

ಜಾಗದ ಆಯ್ಕೆ

ಗೋಡೆಯನ್ನು ಹಳಿ ನೇರವಾಗಿ, ಗೋಡೆಗೆ ಲಂಬವಾಗಿ ದಾಟುವಂಥ ಜಾಗವನ್ನು ಮೊದಲು ಹುಡುಕಬೇಕು. ಗೋಡೆಯ ಎರಡೂ ಬದಿಗೆ ನಿಮ್ಮ ಅತಿ ಉದ್ದದ ಬೋಗಿಯಷ್ಟಾದರೂ ನೇರ ಹಳಿ ಸಿಕ್ಕಿದರೆ ಕಿಂಡಿ ಚಿಕ್ಕದಾಗಿಯೇ ಸಾಕಾಗುತ್ತದೆ; ತಿರುವಿನಲ್ಲಿ ದಾಟಬೇಕಾಗಿ ಬಂದರೆ ಕಿಂಡಿ ಅಗಲವಾಗುತ್ತದೆ, ಕದ ದೊಡ್ಡದಾಗುತ್ತದೆ, ನೀರು ಮತ್ತು ಇಲಿಗಳಿಗೆ ದಾರಿಯೂ ಹೆಚ್ಚುತ್ತದೆ. ಗ್ಯಾರೇಜು ಮನೆಗೆ ಅಂಟಿಕೊಂಡಿದ್ದರೆ ಎರಡರ ನಡುವಿನ ಗೋಡೆಯನ್ನು ಮುಟ್ಟಲೇಬಾರದು, ಏಕೆಂದರೆ ಬೆಂಕಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಡದಂತೆ ತಡೆಯುವ ಗೋಡೆ ಅದು. ಹೊರಗೋಡೆಯಲ್ಲಿಯೂ ವಿದ್ಯುತ್ ತಂತಿ, ನೀರಿನ ಕೊಳವೆ ಹಾದುಹೋಗಿರುವ ಕಡೆಯನ್ನು ಪತ್ತೆ ಸಾಧನದಿಂದ ಗುರುತಿಸಿಕೊಂಡು, ಸ್ವಿಚ್ ಬೋರ್ಡಿನ ನೇರ ಮೇಲೆ ಅಥವಾ ಕೆಳಗೆ ಕೊರೆಯದೆ ದೂರ ಸರಿಯುವುದು ಒಳ್ಳೆಯದು. ದೊಡ್ಡ ಬಾಗಿಲಿನ ಚಿಲಕಕ್ಕೆ ಕಿಂಡಿಯಿಂದ ಕೈ ಎಟುಕುವಂತಿದ್ದರೆ ಕಳ್ಳನಿಗೆ ನಾವೇ ದಾರಿ ಮಾಡಿಕೊಟ್ಟಂತಾಗುತ್ತದೆ, ಹಾಗಾಗಿ ಚಿಲಕದಿಂದ ಒಂದು ತೋಳಿನ ಅಳತೆಗಿಂತ ಹೆಚ್ಚು ಅಂತರವಿರಲಿ.

ಎತ್ತರದ ವಿಷಯದಲ್ಲಿ ತೋಟದ ಹಳಿಯ ಮಟ್ಟವೇ ನಮ್ಮನ್ನು ಕಟ್ಟಿಹಾಕುತ್ತದೆ. ಹೊರಗಿನ ಹಳಿ ನೆಲಮಟ್ಟದಲ್ಲಿದ್ದು ಒಳಗಿನ ಅಟ್ಟ ಸೊಂಟದೆತ್ತರದಲ್ಲಿದ್ದರೆ ಏರು ಬೇಕು. ನೂರಕ್ಕೆ ಎರಡರಷ್ಟು ಏರಿನಲ್ಲಿ 800 ಮಿಲಿಮೀಟರ್ ಮೇಲೇರಲು 40 ಮೀಟರ್ ಹಳಿ ಬೇಕಾಗುತ್ತದೆ. ಅಷ್ಟು ಜಾಗವಿಲ್ಲದವರು ಒಳಗಿನ ಅಟ್ಟವನ್ನೇ ತಗ್ಗಿಸಿಕೊಳ್ಳುವುದು ಲೇಸು. ಗ್ಯಾರೇಜಿನಲ್ಲಿ ಪೆಟ್ರೋಲ್ ವಾಹನ ನಿಲ್ಲುತ್ತದೆಂದಾದರೆ ಇನ್ನೊಂದು ಎಚ್ಚರ ಬೇಕು: ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದದ್ದರಿಂದ ನೆಲದ ಹತ್ತಿರ ಸೇರಿಕೊಳ್ಳುತ್ತದೆ, ಆದ್ದರಿಂದ ಕಿಡಿ ಹಾರಬಹುದಾದ ರಿಲೇ (ಸಣ್ಣ ವಿದ್ಯುತ್ತಿನಿಂದ ದೊಡ್ಡ ವಿದ್ಯುತ್ತನ್ನು ಹಾಯಿಸುವ, ತಡೆಯುವ ಸ್ವಿಚ್), ಸ್ವಿಚ್, ವಿದ್ಯುತ್ ಪೆಟ್ಟಿಗೆಗಳನ್ನು ನೆಲದ ಮೇಲಿಡದೆ ಎತ್ತರದಲ್ಲಿ ಕೂರಿಸಬೇಕು.

ಕಿಂಡಿಯ ಅಳತೆ

ತೋಟದ ರೈಲುಗಳಲ್ಲಿ ಬಹುಪಾಲು ಓಡುವುದು 45 ಮಿಲಿಮೀಟರ್ ಅಂತರದ ಹಳಿಯ ಮೇಲೆ. 1968ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನ ಲೇಮನ್ ಕಂಪನಿ ಎಲ್‌ಜಿಬಿ ಹೆಸರಿನಲ್ಲಿ ಹೊರತಂದ ರೈಲುಗಳೂ ಇದೇ ಅಂತರದವು. ಆದರೆ ಹಳಿಯ ಅಂತರ ಗೊತ್ತಿದ್ದರೆ ಕಿಂಡಿಯ ಅಳತೆ ಗೊತ್ತಾಯಿತು ಎಂದುಕೊಳ್ಳುವಂತಿಲ್ಲ. ಅದೇ 45 ಮಿಲಿಮೀಟರ್ ಹಳಿಯ ಮೇಲೆ 1:32, 1:22.5, 1:20.3 ಅನುಪಾತದ ಮಾದರಿಗಳೆಲ್ಲ ಓಡುತ್ತವೆ, ಅವುಗಳ ಅಗಲವೂ ಎತ್ತರವೂ ಬೇರೆ ಬೇರೆ. ಆದ್ದರಿಂದ ಪುಸ್ತಕದ ಅಳತೆಗಿಂತ ನಿಮ್ಮಲ್ಲಿರುವ ಗಾಡಿಗಳನ್ನೇ ಅಳೆಯುವುದು ಸರಿಯಾದ ದಾರಿ. ಅತಿ ಅಗಲದ ಗಾಡಿ ಒಂದಾಗಿರಬಹುದು, ಅತಿ ಎತ್ತರದ್ದು ಇನ್ನೊಂದಾಗಿರಬಹುದು. ಹೊಗೆಕೊಳವೆ, ಮೇಲಿನ ತಂತಿಗೆ ತಾಗುವ ವಿದ್ಯುತ್ ಎಂಜಿನ್ನಿನ ಚೌಕಟ್ಟು, ಪಕ್ಕಕ್ಕೆ ಚಾಚಿದ ಮೆಟ್ಟಿಲು ಯಾವುದನ್ನೂ ಬಿಡದೆ ಅಳೆದು, ದಪ್ಪ ರಟ್ಟಿನಲ್ಲಿ ಒಂದು ಆಕೃತಿ ಕತ್ತರಿಸಿಕೊಳ್ಳಿ. ಎರಡೂ ಬದಿಗೆ 20 ಮಿಲಿಮೀಟರ್, ಮೇಲೆ 25 ಮಿಲಿಮೀಟರ್ ಬಿಡುವು ಸೇರಿಸಿದರೆ ನೇರ ಹಳಿಗೆ ಸಾಕಾಗುತ್ತದೆ. ಎತ್ತರವನ್ನು ಯಾವಾಗಲೂ ಹಳಿಯ ತಲೆಯಿಂದ ಲೆಕ್ಕ ಹಾಕಬೇಕು, ನೆಲದಿಂದಲ್ಲ.

ತಿರುವಿನಲ್ಲಿ ದಾಟುವುದು ಅನಿವಾರ್ಯವಾದರೆ ಬೋಗಿಯ ನಡುಭಾಗ ತಿರುವಿನ ಒಳಗಡೆಗೂ ತುದಿಗಳು ಹೊರಗಡೆಗೂ ಚಾಚುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೋಗಿಯ ಅಡಿಯಲ್ಲಿ ಎರಡು ಚಕ್ರಜೋಡಣೆಗಳು ತಿರುಗುವ ಬಿಂದುಗಳ ನಡುವಿನ ದೂರವನ್ನು ಅದರಿಂದಲೇ ಗುಣಿಸಿ, ತಿರುವಿನ ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿದರೆ ನಡುಭಾಗದ ಒಳಚಾಚು ಸಿಗುತ್ತದೆ. ಬೋಗಿಯ ಒಟ್ಟು ಉದ್ದದ ವರ್ಗದಿಂದ ಆ ದೂರದ ವರ್ಗವನ್ನು ಕಳೆದು ಅದೇ ಸಂಖ್ಯೆಯಿಂದ ಭಾಗಿಸಿದರೆ ತುದಿಯ ಹೊರಚಾಚು ಸಿಗುತ್ತದೆ. ಉದಾಹರಣೆಗೆ 600 ಮಿಲಿಮೀಟರ್ ಉದ್ದದ ಬೋಗಿಗೆ ಬಿಂದುಗಳ ನಡುವಿನ ದೂರ 400 ಮಿಲಿಮೀಟರ್, ತಿರುವಿನ ತ್ರಿಜ್ಯ 1200 ಮಿಲಿಮೀಟರ್ ಎಂದಾದರೆ ಒಳಚಾಚು ಸುಮಾರು 17 ಮಿಲಿಮೀಟರ್, ಹೊರಚಾಚು ಸುಮಾರು 21 ಮಿಲಿಮೀಟರ್. ಬೋಗಿಯ ಅಗಲ 120 ಮಿಲಿಮೀಟರ್ ಇದ್ದಲ್ಲಿ ನೇರ ಹಳಿಗೆ 160 ಸಾಕಾಗುತ್ತಿದ್ದ ಕಿಂಡಿ ಇಲ್ಲಿ ಸುಮಾರು 200 ಮಿಲಿಮೀಟರ್ ಆಗಬೇಕು.

ಲೆಕ್ಕ ಇಷ್ಟೇ ಹೇಳಿದರೂ ನನ್ನ ಸಲಹೆ, ನೇರ ಹಳಿಯಿದ್ದರೂ ಕಿಂಡಿಯನ್ನು ನಿಮ್ಮ ಕೈ ಮೊಣಕೈವರೆಗೆ ಆರಾಮವಾಗಿ ಹೋಗುವಷ್ಟು ದೊಡ್ಡದಾಗಿ ಮಾಡಿ ಎಂಬುದು. ಇಟ್ಟಿಗೆಯ ಗೋಡೆ 200 ಮಿಲಿಮೀಟರಿಗಿಂತ ದಪ್ಪವಿರುವುದುಂಟು, ಅಷ್ಟುದ್ದದ ಸುರಂಗದ ನಡುವೆ ಗಾಡಿಯೊಂದು ಹಳಿ ತಪ್ಪಿದರೆ ಅದನ್ನು ಬೆರಳ ತುದಿಯಲ್ಲಿ ಮತ್ತೆ ಕೂರಿಸುವುದು ಬಹಳ ಕಷ್ಟ.

ಗೋಡೆ ಕತ್ತರಿಸುವುದು

ಮರದ ಅಥವಾ ತಗಡಿನ ಗೋಡೆಯಾದರೆ ನಾಲ್ಕು ಮೂಲೆಗಳಲ್ಲಿ ತೂತು ಕೊರೆದು ಗರಗಸದಿಂದ ಕತ್ತರಿಸಬಹುದು. ಒಳಗಿರುವ ನಿಲುಗಂಬಗಳನ್ನು ಮಾತ್ರ ಕಡಿಯಬಾರದು. ಇಟ್ಟಿಗೆಯ ಗೋಡೆಯಲ್ಲಿ ಮೊದಲು ನಡುವೆ ಒಂದು ಉದ್ದನೆಯ ತೂತು ಆರುಪಾರು ಕೊರೆದು, ಅದನ್ನೇ ಆಧಾರವಾಗಿಟ್ಟುಕೊಂಡು ಎರಡೂ ಬದಿಯಲ್ಲಿ ಚೌಕ ಗುರುತಿಸಿ, ಗಾರೆಯ ಸಂದುಗಳನ್ನು ಬಿಡಿಸುತ್ತಾ ಒಂದೊಂದೇ ಇಟ್ಟಿಗೆಯನ್ನು ತೆಗೆಯಬೇಕು. ಕಿಂಡಿ ಚಿಕ್ಕದೆಂದು ಮೇಲಿನ ಸಾಲನ್ನು ಹಾಗೆಯೇ ಬಿಡದೆ, ಎರಡೂ ಕಡೆ ಕನಿಷ್ಠ 100 ಮಿಲಿಮೀಟರ್ ಗೋಡೆಯ ಮೇಲೆ ಕೂರುವ ಕಬ್ಬಿಣದ ಆಂಗಲ್ ಅಥವಾ ಚಿಕ್ಕ ಕಾಂಕ್ರೀಟ್ ಲಿಂಟಲ್ ಕೊಡಿ. ಮೇಲೆ ತೊಲೆ ಬಂದು ಕೂತಿರುವ ಗೋಡೆಯಾದರೆ ಕತ್ತರಿಸುವ ಮೊದಲು ಕಟ್ಟಡದ ಎಂಜಿನಿಯರ್ ಒಬ್ಬರಿಗೆ ತೋರಿಸಬೇಕು. ಕಣ್ಣಿಗೆ ಕನ್ನಡಕ, ಮೂಗಿಗೆ ದೂಳುತಡೆ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ.

ಹೊಸ್ತಿಲು

ಹೊಸ್ತಿಲಿಗೆ ಮೂರು ಗುಣ ಬೇಕು: ಅದು ಹೊರಮುಖವಾಗಿ ಇಳಿಜಾರಾಗಿರಬೇಕು, ಗೋಡೆಯ ಹೊರಮೈಯಿಂದ ಮುಂದೆ ಚಾಚಿರಬೇಕು, ಚಾಚಿದ ಭಾಗದ ಅಡಿಯಲ್ಲಿ ನೀರು ಹಿಂದೆ ಸರಿಯದೆ ಕೆಳಗೆ ಬೀಳುವಂತೆ ಒಂದು ತೋಡು ಇರಬೇಕು. ನಾನು 18 ಮಿಲಿಮೀಟರ್ ದಪ್ಪದ ಪಿವಿಸಿ ಹಲಗೆಯನ್ನು ಬಳಸುತ್ತೇನೆ, ಏಕೆಂದರೆ ಅದು ನೆನೆಯುವುದಿಲ್ಲ, ಮರದ ಉಪಕರಣಗಳಿಂದಲೇ ಕತ್ತರಿಸಬಹುದು. ಗೋಡೆಯಿಂದ 40 ಮಿಲಿಮೀಟರ್ ಹೊರಗೆ ಚಾಚಿ, ಅಂಚಿನಿಂದ 10 ಮಿಲಿಮೀಟರ್ ಒಳಗೆ, ಅಡಿಭಾಗದಲ್ಲಿ 5 ಮಿಲಿಮೀಟರ್ ಅಗಲದ ತೋಡು ತೆಗೆದರೆ ಸಾಕು. ಹಲಗೆಯ ಒಳಬದಿಯ ಅಂಚಿಗೆ ಮೇಲ್ಮುಖವಾಗಿ ಒಂದು ತೆಳು ಪಟ್ಟಿಯನ್ನು ಹಳಿಯ ಬುಡದ ಮಟ್ಟದವರೆಗೆ ಅಂಟಿಸಿದರೆ ಗಾಳಿ ತಳ್ಳಿದ ನೀರೂ ಅಲ್ಲೇ ನಿಂತು ಹಿಂದಿರುಗುತ್ತದೆ.

ಹೊಸ್ತಿಲಿನ ಮೇಲೆ ಹಳಿಯನ್ನು ಹೇಗೆ ಕೂರಿಸುತ್ತೀರಿ ಎಂಬುದು ಇನ್ನೂ ಮುಖ್ಯ. ಗೋಡೆಗೆ ಮುಂಚಿನ ಕೊನೆಯ ಒಂದು ಮೀಟರ್ ಹಳಿ ಹೊರಮುಖವಾಗಿ 10 ಮಿಲಿಮೀಟರ್ ಇಳಿದಿರಲಿ. ನೂರಕ್ಕೆ ಒಂದರಷ್ಟು ಇಳಿಜಾರನ್ನು ಯಾವ ಎಂಜಿನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ, ಹನಿಗಳಿಗೆ ಮಾತ್ರ ಅದು ಸ್ಪಷ್ಟ ಆದೇಶ. ಗೋಡೆಯ ಹತ್ತಿರದ 150 ಮಿಲಿಮೀಟರ್ ಭಾಗದಲ್ಲಿ ಜಲ್ಲಿ ಹಾಕಬಾರದು. ಜಲ್ಲಿಯ ನಡುವೆ ಮಣ್ಣು, ಎಲೆಚೂರು ಸೇರಿ ಅದು ಬತ್ತಿಯಂತೆ ನೀರನ್ನು ಹೀರಿ ಗೋಡೆಗೆ ತಂದುಕೊಡುತ್ತದೆ. ಆ ಜಾಗವನ್ನು ಚಿಕ್ಕ ಸೇತುವೆಯಂತೆ ಅಡಿಯಲ್ಲಿ ತೆರೆದಿಟ್ಟರೆ ಹಳಿಯ ಮೇಲೆ ಬಂದ ನೀರೆಲ್ಲ ಅಲ್ಲಿಯೇ ಕೆಳಗೆ ಉದುರುತ್ತದೆ, ಇರುವೆಗಳ ಸಾಲಿಗೂ ಅಡ್ಡಿಯಾಗುತ್ತದೆ. ನೋಡುವುದಕ್ಕೂ ಸುರಂಗದ ಮುಂದೆ ಹಳ್ಳ ದಾಟುವ ಸೇತುವೆ ಬಹಳ ಚಂದ.

ಹಳಿ ಬಿಸಿಲಿಗೆ ಉದ್ದವಾಗುವುದನ್ನು ಹೊಸ್ತಿಲಿನಲ್ಲಿ ಮರೆಯುವಂತಿಲ್ಲ. 10 ಮೀಟರ್ ಉದ್ದದ ಹಿತ್ತಾಳೆಯ ಹಳಿ 40 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸುಮಾರು 7.6 ಮಿಲಿಮೀಟರ್ ಹಿಗ್ಗುತ್ತದೆ. ಹಳಿಗಳಿಗೆಂದು ಕದದ ಕೆಳ ಅಂಚಿನಲ್ಲಿ ಕತ್ತರಿಸುವ ಕಚ್ಚುಗಳು ಹಳಿಯ ಮೇಲೆ ಪ್ರತಿದಿನ ಒಂದೇ ಜಾಗಕ್ಕೆ ಬಂದು ಕೂರಬೇಕಾದ್ದರಿಂದ ಹಳಿಯನ್ನು ಹೊಸ್ತಿಲಿಗೆ ತುಕ್ಕುಹಿಡಿಯದ ಸ್ಕ್ರೂಗಳಿಂದ ಭದ್ರವಾಗಿ ಬಿಗಿದು, ಹಿಗ್ಗುವ ಅವಕಾಶವನ್ನು ಹೊರಗಿನ ಜೋಡಣೆಗಳಲ್ಲಿ ಕೊಡಬೇಕು. ಸೇತುವೆಯ ಆಚೆ ತುದಿಯಲ್ಲಿ ಸರಿಯುವ ಜೋಡಣೆಯೊಂದನ್ನು ಇಟ್ಟರೆ ತೋಟದ ಹಳಿಯ ಒತ್ತಡ ಬಾಗಿಲಿನವರೆಗೆ ಬರುವುದಿಲ್ಲ.

ಹೊಸ್ತಿಲು ಕೂತ ಮೇಲೆ ಪಕ್ಕದ ಮತ್ತು ಮೇಲಿನ ಹಲಗೆಗಳನ್ನು ಸೇರಿಸಿ ಚೌಕಟ್ಟು ಮಾಡಿ, ಗೋಡೆಯೊಂದಿಗಿನ ಸಂದನ್ನು ಸಿಲಿಕೋನ್ ಸೀಲಂಟಿನಿಂದ ಮುಚ್ಚಿ. ಮೇಲ್ಗಡೆ ಗೋಡೆಯಿಂದ ಇಳಿದ ನೀರು ಚೌಕಟ್ಟಿನ ಹಿಂದೆ ಹೋಗದಂತೆ ಅಲ್ಯೂಮಿನಿಯಂ ತಗಡನ್ನು ಬಾಗಿಸಿ ಚಿಕ್ಕ ಸಜ್ಜೆಯಂತೆ ಕೂರಿಸಬೇಕು.

ಕದ

ಪಕ್ಕಕ್ಕೆ ತೆರೆಯುವ ಕದ ಎಲ್ಲರಿಗೂ ಮೊದಲು ಹೊಳೆಯುವಂಥದು, ಆದರೆ ಇಲ್ಲಿ ಅದು ಒಗ್ಗುವುದಿಲ್ಲ. ಕದ ತಿರುಗುವಾಗ ಅದರ ಕೆಳ ಅಂಚು ಹಳಿಗಳ ಮೇಲೆ ಅಡ್ಡಲಾಗಿ ಸರಿಯುತ್ತದೆ, ಹಾಗಾಗಿ ಅಂಚು ಹಳಿಯ ತಲೆಗಿಂತ ಮೇಲೆಯೇ ಇರಬೇಕು. ಎಲ್‌ಜಿಬಿ ಬಗೆಯ ಹಳಿಯ ಎತ್ತರವೇ 8.4 ಮಿಲಿಮೀಟರ್. ಆರು ಮಿಲಿಮೀಟರ್ ಸಂದು ಸಿಕ್ಕರೂ ಚಿಕ್ಕ ಇಲಿ ನುಸುಳಬಲ್ಲದು ಎಂಬುದನ್ನು ನೆನೆದರೆ ಇಂಥ ಕದ ಮುಚ್ಚಿದ್ದರೂ ತೆರೆದಂತೆಯೇ.

ಕೆಳಗೆ ಕೀಲು ಇರುವ, ಹಳಿಯ ತುಂಡನ್ನೇ ಹೊತ್ತು ಮೇಲೆದ್ದು ಮುಚ್ಚಿಕೊಳ್ಳುವ, ಕೋಟೆಯ ಎತ್ತುಸೇತುವೆಯಂಥ ಕದ ಅತ್ಯಂತ ಬಿಗಿಯಾಗಿ ಮುಚ್ಚುತ್ತದೆ, ಏಕೆಂದರೆ ಅಲ್ಲಿ ಹಳಿ ಗೋಡೆಯನ್ನು ದಾಟುವುದೇ ಇಲ್ಲ. ಆದರೆ ಕೀಲಿನ ಅಕ್ಷ ಹಳಿಯ ತಲೆಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲಿರಬೇಕು, ಇಲ್ಲವಾದರೆ ಎತ್ತುವಾಗ ಹಳಿಯ ತುದಿಗಳು ಒಂದಕ್ಕೊಂದು ಒತ್ತಿ ಸಿಕ್ಕಿಕೊಳ್ಳುತ್ತವೆ. ಇಳಿಸಿದಾಗಲೆಲ್ಲ ಹಳಿಗಳು ಅರ್ಧ ಮಿಲಿಮೀಟರಿನೊಳಗೆ ಹೊಂದಿಕೊಳ್ಳಬೇಕು. ಲೋಹದ ಕೆಲಸದಲ್ಲಿ ಪಳಗಿದವರು ಮಾತ್ರ ಇದಕ್ಕೆ ಕೈ ಹಾಕಲಿ.

ನನಗೆ ಮೆಚ್ಚಿಕೆಯಾದದ್ದು ಮೇಲೆ ಕೀಲು ಇದ್ದು ಹೊರಗೆ ತೆರೆಯುವ ಕದ. ಅದರ ಕೆಳ ಅಂಚು ಹಳಿಯ ದಿಕ್ಕಿನಲ್ಲಿಯೇ ಚಲಿಸುವುದರಿಂದ ಹಳಿಗಳಿಗೆ ಸರಿಯಾಗಿ ಎರಡು ಕಚ್ಚು ಕತ್ತರಿಸಬಹುದು. ತೆರೆದಾಗ ಕಿಂಡಿಗೆ ನೆರಳಾಗುತ್ತದೆ, ಬಿಟ್ಟರೆ ತನ್ನ ಭಾರಕ್ಕೇ ಮುಚ್ಚಿಕೊಳ್ಳುತ್ತದೆ. ಒಳಗಿನಿಂದ ನೇರವಾಗಿ ಮೇಲೆ ಕೆಳಗೆ ಜಾರುವ ಕದವೂ ಇಷ್ಟೇ ಒಳ್ಳೆಯದು, ಆದರೆ ಅದಕ್ಕೆ ಕಿಂಡಿಯ ಮೇಲೆ ಮತ್ತೆ ಅಷ್ಟೇ ಎತ್ತರದ ಜಾಗ ಬೇಕು, ಜಾರುವ ಕಾಲುವೆಗಳನ್ನು ದೂಳಿಲ್ಲದಂತೆ ನೋಡಿಕೊಳ್ಳಬೇಕು.

ಕದಕ್ಕೆ 12 ಮಿಲಿಮೀಟರ್ ಮೆರೈನ್ ಪ್ಲೈವುಡ್ ಸಾಕು. ಪ್ಲೈವುಡ್ಡಿನ ಮೈ ಹಾಳಾಗುವುದು ಅಪರೂಪ, ಅಂಚುಗಳಿಂದಲೇ ಅದು ನೀರು ಕುಡಿಯುವುದು. ಆದ್ದರಿಂದ ಕಚ್ಚುಗಳನ್ನು ಕತ್ತರಿಸಿದ ಮೇಲೆ ಎಲ್ಲ ಅಂಚುಗಳಿಗೂ ಎರಡು ಸಲ ಎಪಾಕ್ಸಿ ಸವರಿ, ಒಣಗಿದ ನಂತರ ಬಣ್ಣ ಹಚ್ಚಬೇಕು. ಕಚ್ಚುಗಳನ್ನು ಗುರುತಿಸಲು ಅಳತೆಪಟ್ಟಿಯ ಅಗತ್ಯವಿಲ್ಲ. ಹಳಿಯ ತಲೆಗೆ ಸೀಮೆಸುಣ್ಣ ಬಳಿದು, ಕದವನ್ನು ಕೀಲಿಗೆ ಜೋಡಿಸಿ ಮೆಲ್ಲನೆ ಇಳಿಸಿದರೆ ಅಂಚಿನ ಮೇಲೆ ಎರಡು ಬಿಳಿ ಗುರುತು ಮೂಡುತ್ತವೆ. ಅವುಗಳ ಸುತ್ತ 3 ಮಿಲಿಮೀಟರ್ ಬಿಡುವಿಟ್ಟು, ಕದ ಕಮಾನಿನಲ್ಲಿ ಇಳಿಯುವುದರಿಂದ ಕಚ್ಚಿನ ಒಳಬದಿಯನ್ನು ಸ್ವಲ್ಪ ಓರೆಯಾಗಿ ಅರದಿಂದ ಉಜ್ಜಿ. ಉಳಿದ ಬಿಡುವನ್ನು ಒಳಗಿನಿಂದ ಅಂಟಿಸಿದ, ಹಳಿಯ ಜಾಗದಲ್ಲಿ ಸೀಳು ಕೊಟ್ಟ ರಬ್ಬರ್ ಹಾಳೆ ಮುಚ್ಚುತ್ತದೆ.

ಇಲಿಗಳು ರಬ್ಬರನ್ನೂ ಸ್ಪಂಜನ್ನೂ ಕಡಿಯುವುದರಿಂದ ಕೆಳ ಅಂಚಿಗೆ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿ ಹೊಡೆಯಬೇಕಾಗುತ್ತದೆ. ಇಲ್ಲಿ ಬಹಳ ಜನ ಎಡವುತ್ತಾರೆ. ಒಂದೇ ಪಟ್ಟಿ ಎರಡೂ ಹಳಿಗಳನ್ನು ಮುಟ್ಟಿದರೆ ಕದ ಮುಚ್ಚಿದ ಕ್ಷಣವೇ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಪಟ್ಟಿಯನ್ನು ಎರಡು ಹಳಿಗಳ ನಡುವೆ ತುಂಡರಿಸಿ, ತುಂಡುಗಳ ನಡುವೆ 2 ಮಿಲಿಮೀಟರ್ ಅಂತರ ಬಿಡಿ.

ಕದ ಮುಚ್ಚಿರುವಾಗ ರೈಲು ಬಂದರೆ

ಇದು ಒಂದಲ್ಲ ಒಂದು ದಿನ ಆಗಿಯೇ ಆಗುತ್ತದೆ, ಆದ್ದರಿಂದ ಕದ ಪೂರ್ತಿ ತೆರೆದಿಲ್ಲದಿದ್ದರೆ ಹಳಿಗೆ ವಿದ್ಯುತ್ ಸಿಗದಂತೆ ಮಾಡಬೇಕು. ಗೋಡೆಯ ಎರಡೂ ಬದಿಗೆ ಒಂದೊಂದು ಹಳಿಭಾಗವನ್ನು, ಒಂದು ಹಳಿಯ ಎರಡೂ ತುದಿಗೆ ಪ್ಲಾಸ್ಟಿಕ್ ಜೋಡಣೆ ಹಾಕಿ, ಉಳಿದ ಹಳಿಯಿಂದ ಬೇರ್ಪಡಿಸಿ. ಆ ಭಾಗಗಳಿಗೆ ಹೋಗುವ ತಂತಿಯನ್ನು ಕದದ ಬಳಿ ಇಟ್ಟ ಮೈಕ್ರೋಸ್ವಿಚ್ (ಮೆಲ್ಲಗೆ ಒತ್ತಿದರೂ ಸಂಪರ್ಕ ಬದಲಿಸುವ ಪುಟ್ಟ ಸ್ವಿಚ್) ಮೂಲಕ ಹಾಯಿಸಿ. ಸಂಪರ್ಕ ಕೂಡಬೇಕಾದದ್ದು ಕದ ಪೂರ್ತಿ ಮೇಲೆದ್ದು ಸ್ವಿಚ್ಚನ್ನು ಒತ್ತಿದಾಗ, ಮುಚ್ಚಿದ ಸ್ಥಿತಿಯಿಂದ ಬಿಟ್ಟಾಗ ಅಲ್ಲ. ಹೀಗಿದ್ದರೆ ಕದ ಅರ್ಧಕ್ಕೆ ನಿಂತರೂ ತಂತಿ ಕಡಿದರೂ ರೈಲು ನಿಲ್ಲುತ್ತದೆ, ಓಡುವುದಿಲ್ಲ. ಸ್ವಿಚ್ ನೀರು ಹೋಗದ ಬಗೆಯದಾಗಿರಲಿ. ನಿಮ್ಮ ರೈಲುಗಳು ಎಳೆಯುವ ವಿದ್ಯುತ್ ಸ್ವಿಚ್ಚಿನ ಮಿತಿಗಿಂತ ಹೆಚ್ಚಾದರೆ ನಡುವೆ ರಿಲೇ ಹಾಕಬೇಕು.

ಈ ಭಾಗದ ಉದ್ದ ಎಷ್ಟಿರಬೇಕೆಂಬುದು ವಿದ್ಯುತ್ತನ್ನು ಯಾವ ಗಾಡಿಗಳು ತೆಗೆದುಕೊಳ್ಳುತ್ತವೆ ಎಂಬುದನ್ನು ಅವಲಂಬಿಸಿದೆ. ಎಂಜಿನ್ ಮಾತ್ರ ತೆಗೆದುಕೊಂಡರೆ ಎಂಜಿನ್ನಿನ ಉದ್ದಕ್ಕೆ, ವಿದ್ಯುತ್ ಹೋದ ಮೇಲೆ ಅದು ಜಾರುವ ದೂರವನ್ನು ಸೇರಿಸಿದರಾಯಿತು. ಬೋಗಿಗಳಲ್ಲಿ ದೀಪಗಳಿದ್ದು ಅವುಗಳ ಚಕ್ರಗಳೂ ವಿದ್ಯುತ್ ತೆಗೆದುಕೊಳ್ಳುವಂತಿದ್ದರೆ ಪ್ರತಿ ಬೋಗಿಯೂ ಜೋಡಣೆಯನ್ನು ದಾಟುವಾಗ ಸತ್ತ ಹಳಿಗೆ ಕ್ಷಣಕಾಲ ಜೀವ ಕೊಡುತ್ತದೆ, ಎಂಜಿನ್ ಮುಂದೆ ಸರಿಯುತ್ತದೆ. ಅಂಥವರು ಇಡೀ ರೈಲಿನ ಉದ್ದಕ್ಕೆ ಜಾರುವ ದೂರವನ್ನು ಕೂಡಿಸಿ ಅಳೆಯಬೇಕು. ವಿದ್ಯುತ್ ಸಂಗ್ರಹಿಸುವ ಕೆಪಾಸಿಟರ್ ಇರುವ ಡಿಜಿಟಲ್ ಎಂಜಿನ್ನುಗಳು (ಹಳಿಯ ಮೂಲಕ ಬರುವ ಸಂಕೇತಗಳಂತೆ ನಡೆಯುವಂಥವು) ಇನ್ನೂ ಕೆಲವು ಸೆಕೆಂಡು ಓಡುವುದರಿಂದ ಆ ದೂರವನ್ನು ನಿಜವಾಗಿ ಓಡಿಸಿಯೇ ತಿಳಿಯಬೇಕು. ನೇರ ವಿದ್ಯುತ್ತಿನಲ್ಲಿ (ಡಿಸಿ) ಓಡಿಸುವವರು ಸ್ವಿಚ್ಚಿಗೆ ಸಮಾನಾಂತರವಾಗಿ, ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ತಕ್ಕ ಸಾಮರ್ಥ್ಯದ ಡಯೋಡ್ ಒಂದನ್ನು ಸರಿಯಾದ ದಿಕ್ಕಿನಲ್ಲಿ ಕೂರಿಸಿದರೆ, ಬಾಗಿಲ ಮುಂದೆ ನಿಂತ ರೈಲನ್ನು ಹಿಂದಕ್ಕೆ ಓಡಿಸಿ ತೆಗೆಯಬಹುದು; ಡಿಜಿಟಲ್ ವ್ಯವಸ್ಥೆಗೆ ಇದು ಹೊಂದುವುದಿಲ್ಲ.

ಬ್ಯಾಟರಿ ಎಂಜಿನ್ನುಗಳಿಗೂ ಉಗಿ ಎಂಜಿನ್ನುಗಳಿಗೂ ಸತ್ತ ಹಳಿಯ ಪರಿವೆಯೇ ಇಲ್ಲ. ಅವುಗಳನ್ನು ಓಡಿಸುವವರು ಕದಕ್ಕೆ ಜೋಡಿಸಿದ ಕೈಮರವನ್ನೋ ಕೆಂಪು ದೀಪವನ್ನೋ ದೂರದಿಂದ ಕಾಣುವಂತೆ ಇಟ್ಟುಕೊಳ್ಳಬೇಕು. ಉಗಿ ಎಂಜಿನ್ನನ್ನು ಉರಿ ಹಚ್ಚಿದ ಸ್ಥಿತಿಯಲ್ಲಿ ಗ್ಯಾರೇಜಿನೊಳಗೆ ತರಲೇಬಾರದು. ಉರಿಯಿಂದ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುವ ಅಪಾಯವಿದೆ, ಪೆಟ್ರೋಲಿನ ಆವಿಯ ಅಪಾಯವನ್ನು ಆಗಲೇ ಹೇಳಿದ್ದೇನೆ. ಹೊರಗೆಯೇ ಉರಿ ಆರಿಸಿ, ತಣ್ಣಗಾದ ಮೇಲೆ ತಳ್ಳಿ ತನ್ನಿ.

ಕದ ಎತ್ತಲು ಚೌಕಟ್ಟಿನ ಮೇಲೊಂದು ರಾಟೆ, ಒಂದು ನೈಲಾನ್ ಹಗ್ಗ, ಒಳಗೆ ಸುತ್ತಿ ಕಟ್ಟಲು ಒಂದು ಗೂಟ ಇದ್ದರೆ ಸಾಕು. ಮೋಟರಿನಿಂದಲೇ ಎತ್ತಬೇಕೆನ್ನುವವರು ಎರಡೂ ತುದಿಗೆ ತಾನಾಗಿ ನಿಲ್ಲುವ 12 ವೋಲ್ಟಿನ ಲೀನಿಯರ್ ಆಕ್ಚುಯೇಟರ್ (ದಂಡವನ್ನು ನೇರವಾಗಿ ಹೊರಗೆ ಒಳಗೆ ಚಲಿಸುವ ಮೋಟರ್) ಬಳಸಬಹುದು. ಅದು ಮಗುವಿನ ಬೆರಳನ್ನು ಜಜ್ಜುವಷ್ಟು ಬಲವಾಗಿರುತ್ತದೆ, ಆದ್ದರಿಂದ ಒತ್ತಿ ಹಿಡಿದಿರುವಷ್ಟು ಹೊತ್ತು ಮಾತ್ರ ಚಲಿಸುವ ಗುಂಡಿಯನ್ನೇ, ಬಾಗಿಲು ಕಣ್ಣಿಗೆ ಕಾಣುವ ಜಾಗದಲ್ಲಿಯೇ ಕೂರಿಸಿ. ಹಗ್ಗವಾಗಲಿ ಮೋಟರಾಗಲಿ, ಕದ ಮುಚ್ಚಿದ ಮೇಲೆ ಒಳಗಿನಿಂದ ಒಂದು ಅಗುಳಿ ಬೀಳಲಿ.

ಕೆಲಸ ಮುಗಿದ ದಿನ ಮೊದಲು ರಟ್ಟಿನ ಆಕೃತಿಯನ್ನು ಗಾಡಿಯೊಂದರ ಮೇಲೆ ನಿಲ್ಲಿಸಿ ಕೈಯಿಂದ ತಳ್ಳುತ್ತಾ ಕಿಂಡಿ ದಾಟಿಸಿ, ನಂತರ ಅತಿ ಉದ್ದದ ಬೋಗಿಯನ್ನು, ಕೊನೆಗೆ ಎಂಜಿನ್ನನ್ನು ಅತಿ ನಿಧಾನದ ವೇಗದಲ್ಲಿ ಓಡಿಸಿ. ಅದಾದ ಮೇಲೆ ಕದ ಮುಚ್ಚಿ, ಒಳಗಿನ ಹಳಿಯ ಕೆಳಗೆ ಹಳೆಯ ಪತ್ರಿಕೆಯ ಹಾಳೆ ಹಾಸಿ, ಹೊರಗಿನಿಂದ ಹತ್ತು ನಿಮಿಷ ಪೈಪಿನಲ್ಲಿ ನೀರು ಹಾಯಿಸಿ. ಮೇಲಿನಿಂದ ಸುರಿಯುವುದಷ್ಟೇ ಅಲ್ಲ, ಗಾಳಿಮಳೆಯಂತೆ ಓರೆಯಾಗಿಯೂ ಹಾಯಿಸಿ. ಹಾಳೆಯ ಮೇಲೆ ಒದ್ದೆ ಕಲೆ ಕಾಣಿಸಿದರೆ ಅದು ಹಳಿಯ ನೇರಕ್ಕಿದೆಯೋ ಮೂಲೆಯಲ್ಲಿದೆಯೋ ನೋಡಿ: ಹಳಿಯ ನೇರಕ್ಕಿದ್ದರೆ ಇಳಿಜಾರನ್ನು ಹೆಚ್ಚಿಸಬೇಕು, ಮೂಲೆಯಲ್ಲಿದ್ದರೆ ಚೌಕಟ್ಟಿನ ಸೀಲಂಟನ್ನು ಕೆರೆದು ತೆಗೆದು ಹೊಸದಾಗಿ ತುಂಬಬೇಕು.